ಕೈಮಾತಿಗೆ ಸಮಾನ ಪತ್ರಿಕೆ

ನಮ್ಮೂರಿನಲ್ಲಿ ಓದಬೇಕೆಂದರೆ ಎರಡು ಬಾಗಿಲು ದಾಟಬೇಕು. ಕೆರೆ ಏರಿಯ ಕೆಳಗೆ ಹೈಸ್ಕೂಲು, ಸಂತೆಮಾಳದ ಪಕ್ಕ ನಡುವಿನ ಕಾಲೇಜು, ಗುಡ್ಡದ ಮೇಲೆ ವಿಶ್ವವಿದ್ಯಾಲಯ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ, ಹಿಂದೆ ಕಲಿತದ್ದರಲ್ಲಿ ಮುಂದಿನವರು ಒಪ್ಪಿಕೊಂಡದ್ದು ಮಾತ್ರ ನಿಮ್ಮ ಜೊತೆ ಬರುತ್ತದೆ. ಒಪ್ಪದ್ದು ಬಾಗಿಲಲ್ಲೇ ಉಳಿಯುತ್ತದೆ. ಅಂಕಪಟ್ಟಿಯಿಂದ ಬಿಟ್ಟುಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ, ತಲೆಯಿಂದಲೇ ಹೋಗುತ್ತದೆ. ಹೊಸ್ತಿಲ ಈಚೆ ಇದ್ದಾಗ ಗೊತ್ತಿದ್ದದ್ದು ಆಚೆ ಕಾಲಿಟ್ಟಾಗ ಗೊತ್ತಿರುವುದಿಲ್ಲ. ಮತ್ತೆ ಕಲಿಯೋಣವೆಂದರೆ ಹತ್ತುವುದೂ ಇಲ್ಲ, ಬೆಳಿಗ್ಗೆ ಕಲಿತದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮಾಯ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ, ನಾನು ಬರೀ ಗುಮಾಸ್ತ.

ಜನ ಇದಕ್ಕೆ ಎಂದೋ ಒಗ್ಗಿಹೋಗಿದ್ದಾರೆ. ಮನೆಯಲ್ಲಿ ಯಾರಾದರೂ ಮುಂದಿನ ಬಾಗಿಲು ದಾಟುವ ವಾರ ಒಪ್ಪಿಸುವ ಶಾಸ್ತ್ರ ಅಂತ ಒಂದು ಮಾಡುತ್ತಾರೆ. ಹೋಳಿಗೆ ಮಾಡಿ, ಹೋಗುವವರನ್ನು ಮಣೆಯ ಮೇಲೆ ಕೂರಿಸಿ, ಬಾಗಿಲಲ್ಲಿ ಉಳಿಯುವಂಥದ್ದನ್ನೆಲ್ಲ ಯಾರಿಗಾದರೂ ಕಲಿಸಿಕೊಡಲು ಹೇಳುತ್ತಾರೆ. ಒಬ್ಬಳು ತಂಗಿಗೆ ಕಸೂತಿಯ ಹೊಲಿಗೆ ತೋರಿಸುತ್ತಾಳೆ, ಇನ್ನೊಬ್ಬ ಸೋದರಮಾವನಿಗೆ ಪಂಪ್‌ಸೆಟ್ಟು ಬಿಚ್ಚಿ ಕೂಡಿಸುವುದನ್ನು ಹೇಳಿಕೊಡುತ್ತಾನೆ. ಆಮೇಲೆ ಅಕ್ಕ ಗುಡ್ಡದ ಮೇಲೆ ಓದುತ್ತಿರುತ್ತಾಳೆ, ಅವಳ ಕಸೂತಿ ತಂಗಿಯ ಹತ್ತಿರ ಇರುತ್ತದೆ. ಮನೆಯಿಂದಾಚೆ ಹೋಗಲಿಲ್ಲವಲ್ಲ ಎಂದು ತಾಯಂದಿರು ಸಮಾಧಾನ ಮಾಡಿಕೊಳ್ಳುತ್ತಾರೆ.

ನನಗೆ ಹೋದದ್ದು ಮರಗೆಲಸ. ನಮ್ಮಪ್ಪ ಬಡಗಿ. ಹೈಸ್ಕೂಲಿನಲ್ಲಿ ಮೂರು ವರ್ಷ ಅದನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿದ್ದೆನಂತೆ, ಬಾಗಿಲ ಚೌಕಟ್ಟನ್ನು ಒಬ್ಬನೇ ಕೂರಿಸುತ್ತಿದ್ದೆನಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಇದೆಲ್ಲ ಅಪ್ಪ ಹೇಳಿ ಗೊತ್ತು. ನಡುವಿನ ಕಾಲೇಜಿಗೆ ಸೇರಿದ ದಿನ ಮನೆಗೆ ಬಂದು ಉಳಿ ಕೈಗೆ ತೆಗೆದುಕೊಂಡರೆ, ಯಾವ ಕಡೆಯಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ಅಪ್ಪ ಬಯ್ಯಲಿಲ್ಲ. ಒಂದು ವಾರ ನೋಡಿ, ಸಲಕರಣೆಯ ಪೆಟ್ಟಿಗೆಯನ್ನು ಪಕ್ಕದ ಬೀದಿಯವರಿಗೆ ಕೊಟ್ಟುಬಿಟ್ಟರು. ಅದಾದ ಮೇಲೆ ಗುಡ್ಡ ಹತ್ತುವ ಧೈರ್ಯ ನನಗೆ ಬರಲಿಲ್ಲ. ಡಿಪ್ಲೊಮಾ ಮುಗಿಸಿ ಅದೇ ಕಾಲೇಜಿನ ಹೊಂದಾಣಿಕೆ ಕಚೇರಿಯಲ್ಲಿ ಕೆಲಸಕ್ಕೆ ಕೂತೆ.

ಕೆಲಸ ಏನೆಂದರೆ ಪಟ್ಟಿ ಬರೆಯುವುದು. ಎಡಗಡೆ ಕಾಲಂನಲ್ಲಿ ಇಲ್ಲಿ ಓದಿದ ಪತ್ರಿಕೆ, ಅದರ ಕ್ರೆಡಿಟ್ಟು. ಬಲಗಡೆ ಕಾಲಂನಲ್ಲಿ ಅದಕ್ಕೆ ಸಮಾನವಾದ ವಿಶ್ವವಿದ್ಯಾಲಯದ ಪತ್ರಿಕೆ. ಬಲಗಡೆ ಏನಾದರೂ ಬರೆದಿದ್ದರೆ ಸರಿ, ಖಾಲಿ ಇದ್ದರೆ ಹೋಯಿತು. ಆದ್ದರಿಂದ ನಾನು ಖಾಲಿ ಬಿಡದ ಗುಮಾಸ್ತ ಎಂದು ಹೆಸರು ಮಾಡಿದವನು. ಉಪ್ಪಿನಕಾಯಿ ಹಾಕುವ ಕೋರ್ಸಿಗೆ ಆಹಾರ ರಸಾಯನಶಾಸ್ತ್ರ ಬರೆದೆ, ಗಿಡಕ್ಕೆ ಕಸಿ ಕಟ್ಟುವುದಕ್ಕೆ ಸಸ್ಯಶಾಸ್ತ್ರ ಬರೆದೆ, ಮೇಲಿನವರು ಕಣ್ಣುಮುಚ್ಚಿಕೊಂಡು ಮೊಹರು ಒತ್ತಿದರು. ಹಾಗೆ ಹೋದವರಲ್ಲಿ ಒಬ್ಬರಾದರೂ ಬಂದು ದೂರು ಹೇಳಿದ್ದಿಲ್ಲ. ನನಗೋ ಹೆಮ್ಮೆ. ಹೋದದ್ದು ಏನೆಂದೇ ಗೊತ್ತಿಲ್ಲದವರು ದೂರು ಹೇಳುವುದು ಹೇಗೆ ಎಂಬ ಸಣ್ಣ ವಿಚಾರ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಈ ಮಂಡೆಗೆ ಹೊಳೆಯಲಿಲ್ಲ.

ವಿಮಲಾಕ್ಷಿ ನನ್ನ ಮೇಜಿನ ಮುಂದೆ ಬಂದು ಕೂತದ್ದು ಒಂದು ಮಾಘಮಾಸದ ಬೆಳಿಗ್ಗೆ. ಮೂವತ್ತನಾಲ್ಕು ಮೂವತ್ತೈದು ವರ್ಷದ ಹೆಂಗಸು, ಕಿವುಡು ಮಕ್ಕಳ ಶಾಲೆಯಲ್ಲಿ ಆಯಾ. ಅವಳನ್ನು ಆರೇಳು ವರ್ಷದಿಂದ ನೋಡುತ್ತಿದ್ದೆ. ಮಗಳು ಪಾವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲವೆಂದು ತಿಳಿದ ಮೇಲೆ, ನಮ್ಮ ಕಾಲೇಜಿನ ಸಂಜೆ ತರಗತಿಗೆ ಬಂದು ಕೈಮಾತು ಕಲಿತವಳು. ಗಂಡನೂ ಜೊತೆಗೆ ಬಂದಿದ್ದ. ಎರಡು ದಿನ ಬಂದ, ಮೂರನೆಯ ದಿನ ಗಿರಣಿಯಲ್ಲಿ ಕೆಲಸ ಜಾಸ್ತಿ ಎಂದ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇವಳು ಮಾತ್ರ ಕೈಮಾತು ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕೂ ಪತ್ರಿಕೆ ಮುಗಿಸಿದಳು. ಕಲಿಸುತ್ತಿದ್ದ ಎಸ್ತರ್ ಟೀಚರು ಅದರ ಮುಂದಿನ ವರ್ಷವೇ ತೀರಿಕೊಂಡರು, ತರಗತಿ ಮುಚ್ಚಿತು. ಅಲ್ಲಿಗೆ ಊರಿನಲ್ಲಿ ಕೈಮಾತು ಬಲ್ಲ ದೊಡ್ಡವರು ಅಂತ ಉಳಿದದ್ದು ವಿಮಲಾಕ್ಷಿ ಒಬ್ಬಳೇ.

ಹೆಸರಿಗೆ ಆಯಾ, ಆ ಶಾಲೆಯ ಏಳು ಮಕ್ಕಳಿಗೂ ಪಾಠ ಹೇಳುತ್ತಿದ್ದವಳು ಅವಳೇ. ಈಗ ಮೇಲಿನಿಂದ ಆದೇಶ ಬಂದಿತ್ತು. ಜೂನ್ ತಿಂಗಳೊಳಗೆ ವಿಶ್ವವಿದ್ಯಾಲಯದಲ್ಲಿ ದಾಖಲಾದ ಒಬ್ಬರು ಶಿಕ್ಷಕರು ಇರಬೇಕು, ಇಲ್ಲದಿದ್ದರೆ ಶಾಲೆಗೆ ಬೀಗ. ಏಳು ಮಕ್ಕಳೂ ಮನೆಗೆ. ಮನೆಯಲ್ಲಿ ಅವಕ್ಕೆ ಬಾ, ಹೋಗು, ಉಣ್ಣು ಎನ್ನುವುದರಾಚೆ ಒಂದು ಮಾತಾಡುವವರಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ, ಬಂದಿದ್ದರೂ ಅವರಿಗೆ ಮಕ್ಕಳ ಮಾತು ತಿಳಿಯುತ್ತಿರಲಿಲ್ಲ. ಹಾಗಾಗಿ ಇವಳೇ ಗುಡ್ಡ ಹತ್ತಬೇಕಾಗಿತ್ತು, ಹತ್ತಿದರೆ ಕೈಮಾತು ಉಳಿಯಬೇಕಾಗಿತ್ತು.

ಅವಳ ಪಟ್ಟಿ ಬರೆಯುತ್ತಾ ಹೋದೆ. ಕನ್ನಡ, ಗಣಿತ, ಶಿಶುಪೋಷಣೆ ಎಲ್ಲಕ್ಕೂ ಜೊತೆ ಸಿಕ್ಕಿತು. ಕೈಮಾತಿನ ಇಪ್ಪತ್ತನಾಲ್ಕು ಕ್ರೆಡಿಟ್ಟಿನ ಹತ್ತಿರ ಪೆನ್ನು ನಿಂತಿತು. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ಅದೊಂದು ಉಳಿದ್ರೆ ಸಾಕು ಅಣ್ಣ" ಎಂದಳು. "ಬೇರೇದೆಲ್ಲ ಹೋದ್ರೂ ಹೋಗ್ಲಿ. ಗಣಿತ ನಂಗೆ ಮೊದ್ಲೂ ಅಷ್ಟಕ್ಕಷ್ಟೆ."

ಮೇಲಕ್ಕೆ ಮೂರು ಕಾಗದ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು: ನಮ್ಮಲ್ಲಿ ಇದಕ್ಕೆ ಸಮಾನ ಪತ್ರಿಕೆ ಇರುವುದಿಲ್ಲ, ವಿಷಾದಿಸುತ್ತೇವೆ. ನಾಲ್ಕನೆಯದನ್ನು ಸ್ವಲ್ಪ ಖಾರವಾಗಿ ಬರೆದೆ. ಕಿವುಡು ಮಕ್ಕಳ ಶಿಕ್ಷಕಿಗೆ ಕೈಮಾತು ಮರೆಸಿ ಕಳಿಸಿದರೆ ಅವಳು ಏನು ಕಲಿಸಬೇಕು ಸ್ವಾಮಿ ಎಂದು ಕೇಳಿದೆ. ಅದಕ್ಕೆ ಉತ್ತರವೇ ಬರಲಿಲ್ಲ. ಈ ನಡುವೆ ವಿಮಲಾಕ್ಷಿ ಒಪ್ಪಿಸುವ ಶಾಸ್ತ್ರವನ್ನಾದರೂ ಮಾಡಿ ನೋಡೋಣವೆಂದು ಅತ್ತೆಯನ್ನು, ನಾದಿನಿಯನ್ನು, ಪಕ್ಕದ ಮನೆಯ ಟೈಲರನ್ನೂ ಕೂರಿಸಿಕೊಂಡು ಕಲಿಸಿದಳು. ನಾಲ್ಕು ವರ್ಷದ್ದು ನಾಲ್ಕು ತಿಂಗಳಲ್ಲಿ ಯಾರಿಗೆ ಬರುತ್ತದೆ? ಅತ್ತೆ ಹೇಗೋ ಹೆಣಗಾಡಿ ಹನ್ನೊಂದು ಮಾತು ಕಲಿತರು. ಅದರಲ್ಲಿ ಎರಡನ್ನು ಅದಲುಬದಲು ಮಾಡಿಕೊಂಡು ಮೊಮ್ಮಗಳಿಗೆ ಸ್ನಾನ ಅನ್ನುವ ಕಡೆ ಕತ್ತೆ ಅನ್ನುತ್ತಿದ್ದರು, ಮಗು ಬಿದ್ದು ಬಿದ್ದು ನಗುತ್ತಿತ್ತು.

ಆ ಮಗುವನ್ನು ಅವಳು ಒಂದೆರಡು ಸಲ ಕಚೇರಿಗೂ ಕರೆದುಕೊಂಡು ಬಂದಿದ್ದಳು. ಒಂಬತ್ತು ವರ್ಷ, ಎರಡು ಜಡೆ, ಭಾರೀ ವಾಚಾಳಿ. ಕೈಯಲ್ಲಿ ವಾಚಾಳಿತನ ಇರಬಹುದೆಂದು ನನಗೆ ಗೊತ್ತಾದದ್ದೇ ಅವಳಿಂದ. ತಾಯಿಮಗಳು ಬೆಂಚಿನ ಮೇಲೆ ಕೂತು ಮಾತಿಗೆ ಶುರು ಮಾಡಿದರೆ ಕಚೇರಿಯವರೆಲ್ಲ ಫೈಲು ಬಿಟ್ಟು ನೋಡುತ್ತಿದ್ದೆವು. ಒಮ್ಮೆ ಮಗು ಏನೋ ಉದ್ದಕ್ಕೆ ಹೇಳಿತು, ತಾಯಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಏನಂತೆ ಎಂದು ಕೇಳಿದೆ. ನಿಮ್ಮ ಫ್ಯಾನು ತಿರುಗುವಾಗ ನಿಮ್ಮ ತಲೆಯೂ ಅದರ ಜೊತೆ ತೂಗುತ್ತದಂತೆ, ನೀವು ಕೂತಲ್ಲೇ ನಿದ್ದೆ ಮಾಡುತ್ತೀರಾ ಎಂದು ಕೇಳುತ್ತಿದ್ದಾಳೆ ಎಂದಳು. ನಿಜವೇ ಆಗಿದ್ದರಿಂದ ನಾನು ಫ್ಯಾನು ಆರಿಸಿದೆ.

ಮೇ ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ಹೊಸ ಪಠ್ಯಪಟ್ಟಿ ಬಂತು. ನಾನೂರು ಪುಟ. ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ತಿರುವಿದೆ. ಮುನ್ನೂರ ಹನ್ನೆರಡನೆಯ ಪುಟದಲ್ಲಿ, ನೃತ್ಯ ವಿಭಾಗದ ಕೆಳಗೆ ಸಿಕ್ಕಿತು: ಹಸ್ತಾಭಿನಯ, ನಾಲ್ಕು ಪತ್ರಿಕೆ, ಇಪ್ಪತ್ತನಾಲ್ಕು ಕ್ರೆಡಿಟ್ಟು. ಕೈಯಿಂದ ಅರ್ಥವನ್ನು ಹೇಳುವ ವಿದ್ಯೆ ಎಂದು ವಿವರಣೆ ಬೇರೆ ಬರೆದಿದ್ದರು. ಅಯ್ಯೋ, ನನಗಾದ ಸಂತೋಷ ಏನು ಹೇಳಲಿ. ಎದ್ದುಹೋಗಿ ಅವಳ ಶಾಲೆಗೇ ಸುದ್ದಿ ಮುಟ್ಟಿಸಿದೆ.

ಅವಳಿಗೆ ಅನುಮಾನ ಬಂತು. ಅದನ್ನು ನಾನು ಮುಚ್ಚಿಡುವುದಿಲ್ಲ, ಅವಳಿಗೆ ಬಂತು, ನನಗೆ ಬರಲಿಲ್ಲ.

"ಅದೂ ಇದೂ ಒಂದೇನಾ ಅಣ್ಣ?"

"ಕಾಗದದ ಮೇಲೆ ಒಂದೇ ಕಣಮ್ಮ. ಅವರಿಗೆ ಬೇಕಾದ್ದು ಒಂದು ಹೆಸರು. ನಿನ್ನ ಕೈಲಿರೋದು ನಿನ್ನ ಕೈಲೇ ಇರುತ್ತೆ."

ಹಾಗೆಂದೆ. ದೇವರಾಣೆಗೂ ಹಾಗೇ ನಂಬಿದ್ದೆ. ಅವಳು, ನೀವು ಇಷ್ಟು ವರ್ಷದಿಂದ ನೋಡಿದವರು, ನೀವು ಹೇಳಿದ ಮೇಲೆ ಸರಿಯೇ ಇರುತ್ತದೆ ಎಂದಳು. ನಾನು ಬಲಗಡೆ ಕಾಲಂನಲ್ಲಿ ದುಂಡಗೆ ಹಸ್ತಾಭಿನಯ ಎಂದು ಬರೆದೆ. ನಾಲ್ಕನೆಯ ದಿನಕ್ಕೆ ಮೇಲಿನಿಂದ ಮೊಹರು ಬಿದ್ದು ವಾಪಸು ಬಂತು.

ದಾಖಲಾತಿಯ ದಿನ ನಾನು ರಜೆ ಹಾಕಿ ಗುಡ್ಡದ ಬುಡಕ್ಕೆ ಹೋದೆ. ಪಾವನಿಯನ್ನು ನನ್ನ ಹತ್ತಿರ ಬಿಟ್ಟು ಅವಳು ಮೆಟ್ಟಿಲು ಹತ್ತಿದಳು. ಬಾಗಿಲು ಕೆಳಗಿನಿಂದಲೇ ಕಾಣುತ್ತದೆ, ಬಿಳಿಯ ಕಲ್ಲಿನ ಸಾಧಾರಣ ಬಾಗಿಲು. ಹೊಸ್ತಿಲಲ್ಲಿ ನಿಂತು ತಿರುಗಿ ಮಗಳಿಗೆ ಕೈಯಲ್ಲಿ ಏನೋ ಹೇಳಿದಳು, ಮಗಳೂ ಏನೋ ಹೇಳಿದಳು. ಹನ್ನೊಂದೂವರೆಗೆ ಒಳಗೆ ಹೋದಳು. ನಾವಿಬ್ಬರೂ ಕಡಲೆಕಾಯಿ ತಿನ್ನುತ್ತಾ ಕೂತೆವು.

ಎರಡು ಗಂಟೆಗೆ ಅವಳು ಕೆಳಗೆ ಬಂದಾಗ ಮುಖದಲ್ಲಿ ಕಳೆ ಇತ್ತು. ಎಲ್ಲ ಸರಾಗ ಆಯಿತು ಅಣ್ಣ, ಗುರುತಿನ ಚೀಟಿಯನ್ನೂ ಕೊಟ್ಟರು ಎಂದಳು. ಅಷ್ಟರಲ್ಲಿ ಪಾವನಿ ಓಡಿಹೋಗಿ ಎದುರಿಗೆ ನಿಂತಳು. ಹೊಟ್ಟೆಯ ಮೇಲೆ ಅಂಗೈ ಉಜ್ಜಿ, ಮನೆಯ ಕಡೆ ತೋರಿಸಿ, ಬೆರಳಲ್ಲಿ ಇನ್ನೇನೋ ಸೇರಿಸಿದಳು. ವಿಮಲಾಕ್ಷಿ ನಗುತ್ತಲೇ ಎರಡೂ ಕೈ ಎತ್ತಿದಳು. ಎಂಥ ಚೆಂದದ ಕೈ ಗೊತ್ತೆ? ಒಂದೊಂದೇ ಬೆರಳು ಬಿಚ್ಚಿಕೊಂಡು ತಾವರೆಯಾಯಿತು. ಆಮೇಲೆ ಅದರ ಮೇಲೊಂದು ದುಂಬಿ ಬಂತು, ಆಮೇಲೆ ಜಿಂಕೆಯ ಕಿವಿ ನಿಮಿರಿತು. ಕಣ್ಣು ಕೈಯ ಹಿಂದೆಯೇ ಹೋಗುತ್ತಿತ್ತು. ಅಷ್ಟು ಸೊಗಸಾದದ್ದನ್ನು ನಾನು ಆ ಹೆಂಗಸಿನಲ್ಲಿ ಎಂದೂ ಕಂಡಿರಲಿಲ್ಲ.

ಮಗು ಮೊದಲು ನಕ್ಕಿತು, ಅಮ್ಮ ಆಟ ಆಡುತ್ತಿದ್ದಾಳೆ ಅಂದುಕೊಂಡಿತು. ಮತ್ತೆ ಹೊಟ್ಟೆ ಮುಟ್ಟಿ ತೋರಿಸಿತು. ಮತ್ತೆ ತಾವರೆ. ಮೂರನೆಯ ಸಲ ಮಗು ನಿಧಾನವಾಗಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿತು. ವಿಮಲಾಕ್ಷಿಯ ಕೈ ಅರ್ಧಕ್ಕೆ ನಿಂತಿತು. ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

"ಇವ್ಳು ಏನಂತಾವ್ಳೆ ಅಣ್ಣ?" ಎಂದಳು.

"ಹಸಿವು ಅಂತಾವ್ಳೆ ಕಣಮ್ಮ" ಎಂದೆ. ಅದು ನನಗೂ ತಿಳಿದಿತ್ತು.

ಕಾಗದದ ಮೇಲೆ ಏನು ಬರೆಯುತ್ತೇವೋ ಅದೇ ಬಾಗಿಲು ದಾಟುವುದು. ಅಷ್ಟು ಸರಳ. ಕೈಮಾತು ಒಪ್ಪಿಗೆಯಾಗಿರಲಿಲ್ಲ, ಆದ್ದರಿಂದ ಅದು ಈಚೆಯೇ ಉಳಿಯಿತು. ಹಸ್ತಾಭಿನಯ ಒಪ್ಪಿಗೆಯಾಗಿತ್ತು, ಆದ್ದರಿಂದ ಅದು ಅವಳ ಜೊತೆ ಹೋಯಿತು, ಅವಳು ಜನ್ಮದಲ್ಲಿ ಕಲಿಯದಿದ್ದರೂ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ರಾತ್ರಿಯೆಲ್ಲ ನಾನು ಕಸಿ ಕಟ್ಟುವವರನ್ನೂ ಉಪ್ಪಿನಕಾಯಿಯವರನ್ನೂ ನೆನೆದುಕೊಂಡೆ. ಮರುದಿನ ತಿದ್ದುಪಡಿಗೆ ಅರ್ಜಿ ಹಾಕಿದೆ. ಒಮ್ಮೆ ಒಪ್ಪಿಕೊಂಡ ಕ್ರೆಡಿಟ್ಟನ್ನು ಹಿಂದಕ್ಕೆ ಕೊಡುವ ಕ್ರಮವಿಲ್ಲ ಎಂದು ಅದೇ ಸಂಜೆ ಉತ್ತರ ಬಂತು. ಅವರು ಯಾವುದಕ್ಕೂ ಅಷ್ಟು ಬೇಗ ಉತ್ತರ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಶಾಲೆ ಉಳಿಯಿತು. ಜೂನ್ ಕೊನೆಗೆ ತಪಾಸಣೆಯವರು ಬಂದು, ದಾಖಲಾತಿ ಪತ್ರ ನೋಡಿ, ತಲೆಯಾಡಿಸಿ ಹೋದರು. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಗುಡ್ಡ, ಹೀಗೆ ವಿಮಲಾಕ್ಷಿಯ ದಿನ ನಡೆಯತೊಡಗಿತು. ಏಳು ಮಕ್ಕಳ ಮುಂದೆ ಅವಳು ಸುಮ್ಮನೆ ಕೂರುತ್ತಿದ್ದಳು. ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಚಿಕ್ಕವು ಮೂರು ಅವಳ ಸೆರಗು ಎಳೆದು ಏನಾದರೂ ಕೇಳಿದರೆ ಅವಳ ಕೈ ತಾನಾಗಿ ಎದ್ದು ನವಿಲೋ ಚಂದ್ರನೋ ಆಗುತ್ತಿತ್ತು, ಅವು ಪಿಳಿಪಿಳಿ ನೋಡಿ ಎದ್ದುಹೋಗುತ್ತಿದ್ದವು. ಕಡೆಕಡೆಗೆ ಅವಳು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರತೊಡಗಿದಳು ಎಂದು ಅಲ್ಲಿಯ ಅಡುಗೆಯವರು ನನಗೆ ಹೇಳಿದರು.

ಪಾವನಿ ಒಂದು ತಿಂಗಳು ಬಿಡಲಿಲ್ಲ. ದಿನಾ ಬೆಳಿಗ್ಗೆ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ನೀರು, ಅನ್ನ, ನೋವು, ಬೆಕ್ಕು ಎಂದು ಮೊದಲಿನಿಂದ ಹೇಳಿಕೊಟ್ಟಳು. ತಾಯಿ ಕಲಿಯುತ್ತಿದ್ದಳು. ಮಧ್ಯಾಹ್ನಕ್ಕೆ ಅಷ್ಟೂ ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಮತ್ತೆ ನೀರಿನಿಂದ ಶುರು. ಮೂವತ್ತು ದಿನ ನೀರು ಹೇಳಿಕೊಟ್ಟ ಮೇಲೆ ಒಂದು ದಿನ ಮಗು ಎದುರಿಗೆ ಬಂದು ಕೂರಲಿಲ್ಲ. ಅಜ್ಜಿಯ ಹತ್ತಿರ ಹೋಗಿ ಆ ಹನ್ನೊಂದು ಮಾತಿನಲ್ಲೇ ಏನೋ ಕೇಳಿ, ಊಟ ಹಾಕಿಸಿಕೊಂಡು ಶಾಲೆಗೆ ಹೋಯಿತು. ಅಲ್ಲಿ ತಾಯಿ ತರಗತಿಗೆ ಬಂದಾಗ ಉಳಿದ ಮಕ್ಕಳ ಜೊತೆ ಎದ್ದು ನಿಂತು ಕೈ ಮುಗಿಯಿತು.

ಶ್ರಾವಣ ಬಂದಾಗ ಒಂದು ಮಧ್ಯಾಹ್ನ ವಿಮಲಾಕ್ಷಿ ನನ್ನ ಕಚೇರಿಗೆ ಬಂದಳು. ಅವಳು ನನ್ನನ್ನು ಬಯ್ದು ಬಿಡಲಿ ಎಂದು ನಾನು ಎಷ್ಟು ದಿನದಿಂದ ಕಾಯುತ್ತಿದ್ದೆನೋ. ಬಯ್ಯಲಿಲ್ಲ. ಕೈಯಲ್ಲಿದ್ದ ಸ್ಲೇಟನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಪಾವನಿ ಬಾಗಿಲ ಹತ್ತಿರ ನಿಂತಿದ್ದಳು. ಅಕ್ಷರ ಕಲಿಸಿದ್ದೂ ತಾಯಿಯೇ, ಮೊದಲು. ಈಗ ಮನೆಯಲ್ಲಿ ಬೇಕಾದ್ದನ್ನು ಮಗು ಬರೆದೇ ಕೇಳುತ್ತದೆ, ಇವಳು ಬರೆದೇ ಹೇಳುತ್ತಾಳೆ ಎಂದಳು. ಹೇಗೋ ನಡೆಯುತ್ತಿತ್ತು, ಇವತ್ತು ಇದನ್ನು ಬರೆದಿದ್ದಾಳೆ, ನೀವೇ ಓದಿ ಅಣ್ಣ ಎಂದಳು.

ಓದಿದೆ. ಅಕ್ಷರ ಓರೆಯಾಗಿದ್ದವು, ತಪ್ಪು ಒಂದೂ ಇರಲಿಲ್ಲ.

ಟೀಚರ್, ನಮ್ಮ ಅಮ್ಮ ಗುಡ್ಡದ ಮೇಲೆ ಹೋಗಿದ್ದಾಳೆ. ಯಾವಾಗ ಬರುತ್ತಾಳೆ?

ನಾನು ಮಾಡಿದ್ದಕ್ಕೆ ಯಾವ ಪ್ರಾಯಶ್ಚಿತ್ತವೂ ಇಲ್ಲವೆಂದು ಆಗ ತಿಳಿಯಿತು.

"ಬೆಳಿಗ್ಗೆಯಿಂದ ಬರೆಯೋಕೆ ಹೋಗ್ತೀನಿ, ಕೈ ಓಡ್ತಿಲ್ಲ" ಎಂದಳು. "ನೀವೇ ಬರ್ಕೊಡಿ. ನೀವು ಬರೆದ್ರೆ ನಂಬ್ತಾಳೆ."

ಬಳಪ ತೆಗೆದುಕೊಂಡೆ. ಮಗುವಿನ ಪ್ರಶ್ನೆಯ ಕೆಳಗೆ, ಇವಳೇ ಕಣಮ್ಮ ನಿನ್ನ ಅಮ್ಮ, ಎಂದು ದೊಡ್ಡದಾಗಿ ಬರೆದು ಪಾವನಿಯನ್ನು ಹತ್ತಿರ ಕರೆದು ಕೊಟ್ಟೆ. ಅವಳು ಓದಿದಳು. ವಿಮಲಾಕ್ಷಿಯ ಕಡೆ ಒಮ್ಮೆ ನೋಡಿದಳು, ಪಾಪ, ಮರ್ಯಾದೆಯಿಂದಲೇ ನೋಡಿದಳು. ಆಮೇಲೆ ಲಂಗದ ಅಂಚಿನಿಂದ ನಾನು ಬರೆದದ್ದನ್ನು ಮಾತ್ರ ಒರೆಸಿ, ತನ್ನ ಪ್ರಶ್ನೆಯನ್ನು ಹಾಗೇ ಉಳಿಸಿ, ಸರಿಯಾದ ಉತ್ತರ ಬರೆದುಕೊಡಲೆಂದು ಸ್ಲೇಟನ್ನು ನನಗೆ ವಾಪಸು ಕೊಟ್ಟಳು.